ಒಂದೇ ಅಳತೆ, ಬೇರೆ ಬೇರೆ ಮುಖ

ನಾವು ವಾಸವಾಗಿರುವ ಈ ರಾಜಧಾನಿ ಪ್ರದೇಶದಲ್ಲಿ ಅಕ್ಷರದ ರೂಪವೂ ನ್ಯಾಯಾಲಯದ ಗಮನಕ್ಕೆ ಬರುತ್ತದೆ. 2021ರ ಮಾರ್ಚ್ ತಿಂಗಳಲ್ಲಿ ಡಿ.ಸಿ. ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು ವಕೀಲರಿಗೆ ಒಂದು ಸೂಚನೆ ಹೊರಡಿಸಿತು. ಗ್ಯಾರಮಂಡ್ ಅಕ್ಷರ ಚಿಕ್ಕದಾಗಿ ಕಾಣುತ್ತದೆ, ಓದಲು ತೊಡಕು. ಸೆಂಚುರಿ ಅಥವಾ ಟೈಮ್ಸ್ ನ್ಯೂ ರೋಮನ್ ಬಳಸುವುದು ಮೇಲು ಎಂಬುದು ಅದರ ಸಾರಾಂಶ. ಮೂರನ್ನೂ 14 ಪಾಯಿಂಟಿನಲ್ಲೇ ಅಚ್ಚು ಹಾಕಿದರೂ ಒಂದು ಮಾತ್ರ ಚಿಕ್ಕದಾಗಿ ಕಾಣುವುದೇಕೆ?

ಪಾಯಿಂಟ್ ಎನ್ನುವುದು ಮೂಲತಃ ಅಕ್ಷರದ ಅಳತೆಯಲ್ಲ. ಅಕ್ಷರವನ್ನು ಹೊತ್ತ ಸೀಸದ ಅಚ್ಚುಮೊಳೆಯ ಅಳತೆ. ಒಂದೇ ಅಳತೆಯ ಮೊಳೆಯ ಮೇಲೆ ಅಕ್ಷರವನ್ನು ದೊಡ್ಡದಾಗಿಯೂ ಕೆತ್ತಬಹುದು, ಚಿಕ್ಕದಾಗಿಯೂ ಕೆತ್ತಬಹುದು. ಮೊಳೆ ಹೋಗಿ ಕಂಪ್ಯೂಟರ್ ಬಂದರೂ ಲೆಕ್ಕ ಹಾಗೆಯೇ ಉಳಿದಿದೆ.

ಗುರುತಿಸುವ ಬಗೆ

ಗೆರೆಗಳ ತುದಿಯಲ್ಲಿ ಚಾಚಿಕೊಂಡಿರುವ ಪುಟ್ಟ ಪಾದಕ್ಕೆ ಸೆರಿಫ್ ಎಂದು ಹೆಸರು. ಈ ಮೂರಕ್ಕೂ ಅದು ಇರುವುದರಿಂದ ಮೊದಲ ನೋಟಕ್ಕೆ ಎಲ್ಲವೂ ಒಂದೇ ಎನಿಸುತ್ತದೆ. 'ಪ' ಮತ್ತು 'ಷ' ನಡುವಿನ ವ್ಯತ್ಯಾಸವನ್ನು ಮಕ್ಕಳಿಗೆ ಹೊಟ್ಟೆಯ ಗೆರೆ ತೋರಿಸಿ ಕಲಿಸುತ್ತೇವಲ್ಲ, ಇಲ್ಲಿಯೂ ಎರಡು ಅಕ್ಷರ ನೋಡಿದರೆ ಸಾಕು.

ಮೊದಲು ದೊಡ್ಡ 'ಆರ್' ನೋಡಿ. ಅದರ ಕಾಲು ಕೆಳಗಿಳಿದು ತುದಿಯಲ್ಲಿ ಬಾಲದಂತೆ ಮೇಲಕ್ಕೆ ಸುರುಳಿಯಾಗಿದ್ದರೆ ಅದು ಸೆಂಚುರಿ ಸ್ಕೂಲ್‌ಬುಕ್. ಶಾಲಾ ಪಠ್ಯಪುಸ್ತಕಗಳಿಗಾಗಿ ಮಾರಿಸ್ ಫುಲ್ಲರ್ ಬೆಂಟನ್ ರೂಪಿಸಿದ ಅಕ್ಷರವಿದು. ಅಮೆರಿಕದ ಸುಪ್ರೀಂ ಕೋರ್ಟ್‌ಗೆ ಸಲ್ಲಿಸುವ ಕಿರುಹೊತ್ತಿಗೆಗಳು ಸೆಂಚುರಿ ಕುಟುಂಬದ 12 ಪಾಯಿಂಟಿನಲ್ಲೇ ಇರಬೇಕೆಂಬ ನಿಯಮವಿದೆ.

ಕಾಲು ನೇರವಾಗಿ ಓರೆಗೆ ಚಾಚಿದ್ದರೆ ಸಣ್ಣ 'ಇ' ನೋಡಿ. ಒಳಗಿನ ಕಣ್ಣು ತೀರಾ ಕಿರಿದಾಗಿ, ಅಡ್ಡಗೆರೆ ಮೇಲಕ್ಕೆ ಸರಿದಿದ್ದರೆ ಗ್ಯಾರಮಂಡ್. ಹದಿನಾರನೇ ಶತಮಾನದ ಪ್ಯಾರಿಸ್‌ನ ಕ್ಲೋಡ್ ಗ್ಯಾರಮಂಡ್‌ನ ಹೆಸರು ಹೊತ್ತ ಈ ಅಕ್ಷರಗಳ ಕೊಂಬುಗಳು ಎತ್ತರ, ಒಡಲು ಚಿಕ್ಕದು. ನ್ಯಾಯಾಲಯದ ಆಕ್ಷೇಪಕ್ಕೆ ಇದೇ ಕಾರಣ. ಕಣ್ಣು ಅಗಲವಾಗಿದ್ದರೆ ಟೈಮ್ಸ್ ನ್ಯೂ ರೋಮನ್. 1932ರಲ್ಲಿ ಲಂಡನ್ನಿನ 'ದ ಟೈಮ್ಸ್' ಪತ್ರಿಕೆಗಾಗಿ ಬಂದ ಇದು ಕಿರಿದಾದ ಅಂಕಣದಲ್ಲಿ ಹೆಚ್ಚು ಪದ ಹಿಡಿಸುವಂತೆ ಒತ್ತೊತ್ತಾಗಿದೆ. ಇದನ್ನು ಹೋಲುವ ಜಾರ್ಜಿಯಾವನ್ನು ಅಂಕಿಗಳಿಂದ ಹಿಡಿಯಬಹುದು: ಅದರಲ್ಲಿ 3, 4, 5, 7, 9 ಸಾಲಿನಿಂದ ಕೆಳಗೆ ಇಳಿಯುತ್ತವೆ.

ನಮ್ಮ ಪುಟಗಳಲ್ಲಿ

ಕನ್ನಡಕ್ಕೂ ಈ ಮಾತು ಅನ್ವಯಿಸುತ್ತದೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡಬೇಕಾದ್ದರಿಂದ ಒಂದೇ ಪಾಯಿಂಟಿನ ಇಂಗ್ಲಿಷಿನ ಪಕ್ಕದಲ್ಲಿ ಕನ್ನಡ ಎಷ್ಟೋ ಸಲ ಸಣ್ಣದಾಗಿ ಕಾಣುತ್ತದೆ. ನೋಟೋ ಸೆರಿಫ್ ಕನ್ನಡದಲ್ಲಿ ಗೆರೆ ದಪ್ಪ-ತೆಳು ಆಗುತ್ತಾ ಸಾಗುತ್ತದೆ. ನೋಟೋ ಸ್ಯಾನ್ಸ್‌ನಲ್ಲಿ ಹೆಚ್ಚುಕಡಿಮೆ ಒಂದೇ ಸಮ. ಆದ್ದರಿಂದ ಸಂಚಿಕೆ, ಆಮಂತ್ರಣ, ಕನ್ನಡ ಶಾಲೆಯ ಪಾಠ ಯಾವುದನ್ನೇ ಸಿದ್ಧಪಡಿಸುವಾಗ ಪಾಯಿಂಟಿನ ಸಂಖ್ಯೆಯನ್ನಷ್ಟೇ ನಂಬದೆ, ಒಂದು ಪುಟ ಅಚ್ಚು ಹಾಕಿ ಮನೆಯ ಹಿರಿಯರ ಕೈಗೂ ಮಕ್ಕಳ ಕೈಗೂ ಕೊಟ್ಟು ನೋಡುವುದು ಒಳ್ಳೆಯದು. ಅವರು ಸಲೀಸಾಗಿ ಓದಿದರೆ ಅದೇ ಸರಿಯಾದ ಅಳತೆ.