ಉಪ್ಪುನೀರಿನಿಂದ ಬತ್ತದ ಬೀಜವನ್ನು ಆರಿಸುವ ಕ್ರಮವೂ ಅದರ ಕಾರಣವೂ

ಬೀಜದಂತೆ ಬೆಳೆ ಎಂಬುದು ರೈತರೆಲ್ಲರೂ ಬಲ್ಲ ಮಾತು. ಆದರೂ ಬಿತ್ತನೆಯ ಕಾಲ ಬಂದಾಗ ಕಣಜದಿಂದ ತೆಗೆದ ಬತ್ತವನ್ನು ಒಮ್ಮೆ ತೂರಿ, ನೆನೆಹಾಕಿ, ಒಟ್ಟಲಿಗೆ ಚೆಲ್ಲುವುದೇ ಅನೇಕರ ರೂಢಿಯಾಗಿದೆ. ತೂರಿದಾಗ ಹಾರಿಹೋಗುವುದು ಬರಿಯ ಜೊಳ್ಳು. ಅರೆಬಲಿತ ಕಾಳು ಗಟ್ಟಿಕಾಳಿನ ಜೊತೆಯಲ್ಲಿಯೇ ಉಳಿದುಬಿಡುತ್ತದೆ. ಇಂತಹ ಕಾಳು ಮೊಳೆಯುವುದುಂಟು. ಆದರೆ ಎಳೆಯ ಸಸಿಯು ಮೊದಲ ಕೆಲವು ದಿನ ಕಾಳಿನಲ್ಲಿರುವ ಆಹಾರವನ್ನೇ ಉಂಡು ಬೆಳೆಯತಕ್ಕದ್ದಾದುದರಿಂದ, ಆಹಾರವು ಸಾಲದ ಕಾಳಿನ ಸಸಿ ಬಡವಾಗುತ್ತದೆ. ಒಟ್ಟಲು ಕೆಟ್ಟರೆ ಮಳೆಯ ಹದವೂ ಕಾಲುವೆಯ ಸರದಿಯೂ ಕೈತಪ್ಪಿ, ಆ ವರ್ಷದ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟ. ಈ ಅಪಾಯವನ್ನು ಕಡಿಮೆ ಮಾಡುವ ಸುಲಭೋಪಾಯವೊಂದನ್ನು ಇಲ್ಲಿ ವಿವರಿಸಿದೆ. ಜಪಾನ್ ದೇಶದಲ್ಲಿ 1882ರ ಸುಮಾರಿಗೆ ಯೊಕೊಯ್ ಎಂಬ ಕೃಷಿವಿಜ್ಞಾನಿಯು ಇದನ್ನು ರೂಪಿಸಿದನು. ಈಗ ನಮ್ಮ ದೇಶದ ಬತ್ತದ ಸೀಮೆಗಳಲ್ಲಿಯೂ ಇದು ಬಳಕೆಯಲ್ಲಿದೆ.

ತೇಲುವುದಕ್ಕೂ ಮುಳುಗುವುದಕ್ಕೂ ಕಾರಣ

ದೊಡ್ಡ ಮರದ ದಿಮ್ಮಿಯು ಕೆರೆಯಲ್ಲಿ ತೇಲುತ್ತದೆ. ಸಣ್ಣ ಮೊಳೆಯು ಮುಳುಗುತ್ತದೆ. ಆದುದರಿಂದ ನೋಡಬೇಕಾದುದು ಬರಿಯ ತೂಕವನ್ನಲ್ಲ, ಅಷ್ಟೇ ಜಾಗವನ್ನು ತುಂಬುವ ನೀರಿಗಿಂತ ವಸ್ತುವು ಭಾರವೋ ಹಗುರವೋ ಎಂಬುದನ್ನು. ಇದಕ್ಕೆ ಸಾಂದ್ರತೆಯೆಂದು ಹೆಸರು. ನೀರಿನಲ್ಲಿಟ್ಟ ವಸ್ತುವು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುವುದೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲದಿಂದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಈ ನಿಯಮವನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಗ್ರೀಕ್ ಪಂಡಿತನಾದ ಆರ್ಕಿಮಿಡೀಸನು ತಿಳಿಸಿದನು.

ಸಿಹಿನೀರು ಲೀಟರಿಗೆ ಸುಮಾರು 1 ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ಬತ್ತವನ್ನು ಹಾಕಿದರೆ ಜೊಳ್ಳು ತೇಲುತ್ತದೆಯೇ ಹೊರತು ಅರೆಬಲಿತ ಕಾಳು ಗಟ್ಟಿಕಾಳಿನೊಡನೆ ಮುಳುಗುತ್ತದೆ. ಇವೆರಡನ್ನೂ ಬೇರ್ಪಡಿಸಬೇಕಾದರೆ ನೀರನ್ನೇ ಭಾರವಾಗಿ ಮಾಡಬೇಕು. ಉಪ್ಪು ಮಾಡುವ ಕೆಲಸವು ಇದೇ.

ಉಪ್ಪು ಕರಗಿದಾಗ ನಡೆಯುವುದೇನು?

ಉಪ್ಪಿನಲ್ಲಿ ಸೋಡಿಯಂ, ಕ್ಲೋರೀನ್ ಎಂಬ ಎರಡು ಮೂಲವಸ್ತುಗಳಿವೆ. ಸೋಡಿಯಂ ಪರಮಾಣುವು ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರೀನಿಗೆ ಬಿಟ್ಟುಕೊಡುವುದರಿಂದ ಮೊದಲನೆಯದು ಧನ ವಿದ್ಯುತ್ತನ್ನೂ ಎರಡನೆಯದು ಋಣ ವಿದ್ಯುತ್ತನ್ನೂ ಪಡೆಯುತ್ತವೆ. ಹೀಗಾದ ಕಣಗಳಿಗೆ ಅಯಾನುಗಳೆಂದು ಹೆಸರು. ಅವು ಒಂದನ್ನೊಂದು ಸೆಳೆದುಕೊಂಡು ಚದುರಂಗದ ಮನೆಗಳಂತೆ ಒಂದರ ಪಕ್ಕದಲ್ಲೊಂದು ನಿಂತಿರುವುದೇ ಉಪ್ಪಿನ ಹರಳು. ನೀರಿನ ಕಣಕ್ಕೂ ಒಂದು ಕಡೆ ಸ್ವಲ್ಪ ಧನ, ಇನ್ನೊಂದು ಕಡೆ ಸ್ವಲ್ಪ ಋಣ ಗುಣವುಂಟು. ಆದಕಾರಣ ನೀರಿನ ಕಣಗಳು ಅಯಾನುಗಳನ್ನು ಸುತ್ತುಗಟ್ಟಿ ಹರಳಿನಿಂದ ಬಿಡಿಸಿ, ತಾವೂ ಅವುಗಳ ಸುತ್ತ ಒತ್ತಾಗಿ ನಿಲ್ಲುತ್ತವೆ.

ಇದರ ಫಲವನ್ನು ತಕ್ಕಡಿಯಿಂದಲೇ ಕಾಣಬಹುದು. 10 ಲೀಟರ್ ನೀರಿಗೆ ಒಂದೂವರೆ ಕಿಲೋ ಉಪ್ಪನ್ನು ಕರಗಿಸಿದರೆ ತೂಕವು ಹನ್ನೊಂದೂವರೆ ಕಿಲೋ ಆಗುತ್ತದೆ. ಅಳತೆಯು ಮಾತ್ರ ಸುಮಾರು ಹತ್ತೂವರೆ ಲೀಟರಿಗೆ ನಿಲ್ಲುತ್ತದೆ. ಅಂದರೆ ಲೀಟರೊಂದಕ್ಕೆ ಸುಮಾರು 1,090 ಗ್ರಾಂ. ಈ ನೀರಿನಲ್ಲಿ ಅರೆಬಲಿತ ಕಾಳು ಮೇಲಕ್ಕೇಳುತ್ತದೆ; ಗಟ್ಟಿಕಾಳು ತಳದಲ್ಲಿ ನಿಲ್ಲುತ್ತದೆ.

ಮಾಡತಕ್ಕ ಕ್ರಮ

1. ಮಣ್ಣಿನ ಬಾನಿಯಲ್ಲಾಗಲಿ ಪ್ಲಾಸ್ಟಿಕ್ ತೊಟ್ಟಿಯಲ್ಲಾಗಲಿ ಮೇಲಿನ ಪ್ರಮಾಣದಂತೆ ಉಪ್ಪನ್ನು ಪೂರ್ತಿಯಾಗಿ ಕರಗಿಸಬೇಕು.

2. ಹೊಸ ಕೋಳಿಮೊಟ್ಟೆಯನ್ನು ಬಿಟ್ಟು ನೋಡಬಹುದು. ಅದು ತೇಲಿ, ನಾಣ್ಯದಗಲದಷ್ಟು ಭಾಗವು ಹೊರಗೆ ಕಂಡರೆ ಹದ ಸರಿ. ಹಳೆಯ ಮೊಟ್ಟೆಯೊಳಗೆ ಗಾಳಿ ಹೆಚ್ಚಾಗಿರುವುದರಿಂದ ಅದು ತೆಳುವಾದ ಉಪ್ಪುನೀರಿನಲ್ಲಿಯೂ ತೇಲಿ ಮೋಸಮಾಡುತ್ತದೆ. ಮೊಟ್ಟೆಯನ್ನು ಮುಟ್ಟದವರು ಉಪ್ಪನ್ನು ತೂಗಿ ಹಾಕಿದರೆ ಸಾಕು.

3. ಬೀಜವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕೈಯಿಂದ ಚೆನ್ನಾಗಿ ಕದಡಬೇಕು. ಇಲ್ಲವಾದರೆ ಸಿಪ್ಪೆಗೆ ಅಂಟಿದ ಗಾಳಿಯ ಗುಳ್ಳೆಗಳು ಗಟ್ಟಿಕಾಳನ್ನೂ ಎತ್ತಿಬಿಡುತ್ತವೆ.

4. ತೇಲಿದುದನ್ನು ಜಾಲರಿಯಿಂದ ತೆಗೆದು, ಮುಳುಗಿದ ಬೀಜವನ್ನು ಕೂಡಲೇ ಎತ್ತಿ, ಎರಡು ಮೂರು ಬಾರಿ ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪು ಉಳಿದರೆ ಕಾಳು ನೀರನ್ನು ಹೀರಲಾರದೆ ಮೊಳಕೆಯು ಕುಗ್ಗುತ್ತದೆ. ರೋಗನಿವಾರಕ ಔಷಧವನ್ನು ಹಚ್ಚುವುದಾದರೆ ತೊಳೆದ ಮೇಲೆಯೇ ಹಚ್ಚತಕ್ಕದ್ದು.

5. ಅದೇ ನೀರನ್ನು ಮತ್ತೆ ಮತ್ತೆ ಬಳಸಬಹುದು. ಆದರೆ ಆಗಾಗ ಹದವನ್ನು ನೋಡಬೇಕು. ಬೀಜದಲ್ಲಿ ಹೆಚ್ಚು ಭಾಗ ತೇಲಿದರೆ, ಆ ತಳಿಯ ಕಾಳೇ ಹಗುರವಿರಬಹುದು. ಸ್ವಲ್ಪ ಸಿಹಿನೀರನ್ನು ಬೆರೆಸಿ ಪುನಃ ಪರೀಕ್ಷಿಸಬೇಕು.

ಎರಡು ಎಚ್ಚರಿಕೆಗಳು

ಭಾರವಾದ ಕಾಳೆಲ್ಲವೂ ಜೀವವುಳ್ಳದ್ದೆಂದು ತಿಳಿಯಬಾರದು. ಹಳೆಯದಾಗಿ ಸತ್ತ ಬೀಜವೂ ಮುಳುಗುತ್ತದೆ. ಬೇರೆ ತಳಿಯ ಬೆರಕೆಯೂ ಇದರಿಂದ ಹೋಗದು. ಆದುದರಿಂದ ನೂರು ಕಾಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು ಮೊಳೆತವನ್ನು ಎಣಿಸುವ ಪರೀಕ್ಷೆಯನ್ನು ಬಿಡಕೂಡದು.

ಉಳಿದ ಉಪ್ಪುನೀರನ್ನು ಗದ್ದೆಗಾಗಲಿ ಬಾವಿಯ ಬಳಿಯಲ್ಲಾಗಲಿ ಚೆಲ್ಲಬಾರದು. ನೀರಿನಲ್ಲಿ ಬಿಡಿಯಾದ ಸೋಡಿಯಂ ಅಯಾನುಗಳು ಜೇಡಿಯ ಕಣಗಳಿಗೆ ಅಂಟಿ, ಮಣ್ಣಿನ ಹೆಂಟೆಗಳನ್ನು ಒಡೆದು, ನೀರು ಇಂಗದಂತೆ ಬಿಗಿಮಾಡುತ್ತವೆ. ಚೌಳುಭೂಮಿಯ ಕೇಡಿಗೆ ಇದೂ ಒಂದು ಮೂಲ. ಅಗಲವಾದ ತೊಟ್ಟಿಯಲ್ಲಿ ಬಿಸಿಲಿಗಿಟ್ಟರೆ ನೀರು ಆರಿ ಉಪ್ಪು ಉಳಿಯುತ್ತದೆ. ಅದನ್ನು ಮುಂದಿನ ವರ್ಷದ ಬೀಜಕ್ಕೆಂದೇ ಬೇರೆಯಾಗಿ ತೆಗೆದಿಡಬಹುದು.

ಗ್ರಾಮದ ಮುಖಂಡರು ಮನಸ್ಸುಮಾಡಿ ಊರಿಗೊಂದು ತೊಟ್ಟಿಯನ್ನಿಡಿಸಿ, ಒಂದೇ ದಿನ ಎಲ್ಲರ ಬೀಜವನ್ನೂ ಆರಿಸುವ ಏರ್ಪಾಡುಮಾಡಿದರೆ ಉಪ್ಪಿನ ಖರ್ಚು ಹಂಚಿಹೋಗುತ್ತದೆ. ಸಣ್ಣ ಹಿಡುವಳಿಯವರಿಗೂ ಗಟ್ಟಿಬೀಜ ದೊರೆಯುತ್ತದೆ. ಈ ಸಲವೇ ಒಂದು ಪಾತಿಗೆ ಆರಿಸಿದ ಬೀಜವನ್ನೂ ಇನ್ನೊಂದಕ್ಕೆ ಆರಿಸದ ಬೀಜವನ್ನೂ ಚೆಲ್ಲಿ, ನಾಟಿಯ ದಿನ ಸಸಿಗಳನ್ನು ಹೋಲಿಸಿ ನೋಡಿದರೆ, ಇದರ ಗುಣವು ಅವರವರ ಕಣ್ಣಿಗೇ ತಿಳಿದುಬರುವುದು.