ರೂಬಲ್ ಲೆಕ್ಕದಲ್ಲಿ ಅಡಗಿದ್ದ ಸಬ್ಸಿಡಿ

1973ರ ಅಕ್ಟೋಬರ್‌ನ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಪಶ್ಚಿಮ ಯುರೋಪಿನ ಹಲವು ದೇಶಗಳು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದವು. ಗಡಿಯಾಚೆ ಬುಡಾಪೆಸ್ಟ್, ಪ್ರಾಗ್‌ಗಳಿಗೆ ಮಾತ್ರ ಸೋವಿಯತ್ ತೈಲ 1974ರ ಕೊನೆಯವರೆಗೂ ಹಳೆಯ ದರಕ್ಕೇ ಬರುತ್ತಿತ್ತು. ಸಮಾಜವಾದಿ ದೇಶಗಳ ವ್ಯಾಪಾರ ಕೂಟವಾದ ಕೊಮೆಕಾನ್ ಹಿಂದಿನ ವರ್ಷಗಳ ವಿಶ್ವದರದ ಸರಾಸರಿ ತೆಗೆದು, ಪಂಚವಾರ್ಷಿಕ ಯೋಜನೆ ಮುಗಿಯುವವರೆಗೆ ಅದನ್ನೇ ಕಾಯಂ ಮಾಡುತ್ತಿತ್ತು. ಬೇಸತ್ತ ಮಾಸ್ಕೋ 1975ರಲ್ಲಿ ನಿಯಮ ತಿದ್ದಿಸಿತು: ಇನ್ನು ಮೇಲೆ ಪ್ರತಿ ವರ್ಷವೂ ಹೊಸ ದರ. ಆದರೂ ಅದು ಬಹುಮಟ್ಟಿಗೆ ಹಿಂದಿನ ಐದು ವರ್ಷಗಳ ಸರಾಸರಿಯೇ.

ಹಾಗಾದರೆ ನಷ್ಟ ಹೊತ್ತವರು ಯಾರು? ಸೋವಿಯತ್ ಒಕ್ಕೂಟ ತನ್ನ ನೆರೆಯವರನ್ನು ಸುಲಿಯುತ್ತಿದೆ ಎಂದೇ ಪಶ್ಚಿಮದಲ್ಲಿ ಬಹುಕಾಲ ನಂಬಿದ್ದರು. ಸ್ಟಾಲಿನ್ ಕಾಲಕ್ಕೆ ಅದು ಸುಳ್ಳೂ ಆಗಿರಲಿಲ್ಲ. ಅಮೆರಿಕದಲ್ಲಿದ್ದ ಅರ್ಥಶಾಸ್ತ್ರಜ್ಞರಾದ ಮೈಕೆಲ್ ಮರೀಸ್ ಮತ್ತು ಯಾನ್ ವಾನ್ಯೌಸ್ ಇದನ್ನು ಲೆಕ್ಕ ಹಾಕಿಯೇ ನೋಡಲು ಹೊರಟರು. ದಾರಿ ಸುಲಭವಿರಲಿಲ್ಲ. ವ್ಯಾಪಾರವೆಲ್ಲ ನಡೆಯುತ್ತಿದ್ದದ್ದು ಯಾವ ಪೇಟೆಯಲ್ಲೂ ಚಲಾವಣೆಯಾಗದ 'ವರ್ಗಾವಣೆ ರೂಬಲ್'ನಲ್ಲಿ. ಅವರು ಸರಕುಗಳನ್ನು ಗುಂಪು ಗುಂಪಾಗಿ ಬಿಡಿಸಿ, ಇದೇ ಸರಕು ಪಶ್ಚಿಮದ ಪೇಟೆಗೆ ಹೋಗಿದ್ದರೆ ಎಷ್ಟು ಡಾಲರ್ ಬರುತ್ತಿತ್ತು ಎಂದು ಬೆಲೆ ಕಟ್ಟಿದರು. ತೈಲ ಅಗ್ಗಕ್ಕೆ ಹೋಗುತ್ತಿತ್ತು, ಅದಕ್ಕೆ ಬದಲಾಗಿ ಪೂರ್ವ ಯುರೋಪಿನ ಯಂತ್ರಗಳು ಯೋಗ್ಯತೆಗೆ ಮೀರಿದ ದರಕ್ಕೆ ಬರುತ್ತಿದ್ದವು.

1983ರ ಅವರ ಪುಸ್ತಕ ಇದನ್ನು ಅಡಗಿದ ಸಬ್ಸಿಡಿ ಎಂದಿತು. ಅತಿ ಹೆಚ್ಚು ಪಾಲು ಪೂರ್ವ ಜರ್ಮನಿಗೆ. ಮಾಸ್ಕೋದ ಮಾತು ಕೇಳದ ರೊಮೇನಿಯಾಕ್ಕೆ ತೀರಾ ಕಡಿಮೆ. ಇದು ನಿಷ್ಠೆಗೆ, ಸೇನಾ ನೆಲೆಗೆ ತೆತ್ತ ಬೆಲೆ ಎಂಬುದು ಅವರ ವಾದ. ಯಂತ್ರಗಳ ಗುಣಮಟ್ಟಕ್ಕೆ ಎಷ್ಟು ಕಡಿತ ಹಾಕಬೇಕು ಎಂಬಲ್ಲಿ ವಿಮರ್ಶಕರು ಮುಗಿಬಿದ್ದರು. ಮೊತ್ತದ ಬಗ್ಗೆ ಅವರ ಆಕ್ಷೇಪ ನ್ಯಾಯವಾದದ್ದೇ. ನಷ್ಟ ಯಾವ ಕಡೆಗಿತ್ತು ಎಂಬುದು ಮಾತ್ರ ನನ್ನ ದೃಷ್ಟಿಯಲ್ಲಿ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಮಾಸ್ಕೋಗೇ ಹೊರೆ ತಾಳದಾಗಿತ್ತು. 1981ರಲ್ಲಿ ಪೂರ್ವ ಜರ್ಮನಿಯ ವಾರ್ಷಿಕ ತೈಲವನ್ನು 190 ಲಕ್ಷ ಟನ್‌ನಿಂದ 170 ಲಕ್ಷಕ್ಕೆ ಇಳಿಸುವುದಾಗಿ ಅದು ತಿಳಿಸಿತು. ತಮ್ಮ ದೇಶದ ಬುಡವೇ ಅಲುಗುತ್ತದೆಂದು ಪೂರ್ವ ಜರ್ಮನಿಯ ನಾಯಕ ಹೊನೆಕರ್ ಸೋವಿಯತ್ ನಾಯಕ ಬ್ರೆಜ್ನೆವ್‌ಗೆ ಪತ್ರ ಬರೆದರೂ ಫಲ ಸಿಗಲಿಲ್ಲ. 1986ರಲ್ಲಿ ವಿಶ್ವದರ ಕುಸಿದಾಗ ಅದೇ ಸರಾಸರಿ ತಿರುಗಿ ಹೊಡೆಯಿತು: ಹಳೆಯ ದುಬಾರಿ ವರ್ಷಗಳು ಇನ್ನೂ ಲೆಕ್ಕದಲ್ಲಿದ್ದುದರಿಂದ ಪೂರ್ವ ಯುರೋಪು ಪೇಟೆಗಿಂತ ಹೆಚ್ಚು ತೆತ್ತಿತು.

1991ರ ಜನವರಿಯಿಂದ ಈ ವ್ಯಾಪಾರಕ್ಕೂ ಡಾಲರ್ ಲೆಕ್ಕ, ಪೇಟೆಯ ದರ ಬಂತು. ಯಂತ್ರಗಳಿಗೆ ಯೋಗ್ಯತೆ ಮೀರಿದ ದರ ಸಿಗುತ್ತಿತ್ತು ಎಂಬ ಪುಸ್ತಕದ ಉಳಿದರ್ಧಕ್ಕೆ ಪುರಾವೆ ಆಗ ಸಿಕ್ಕಿತು. ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬಸ್ಸು ಕಟ್ಟುತ್ತಿದ್ದ ಹಂಗೇರಿಯ ಇಕಾರುಸ್‌ಗೆ ಸೋವಿಯತ್ ಒಕ್ಕೂಟವೇ ದೊಡ್ಡ ಗಿರಾಕಿ. ಡಾಲರ್ ಎಣಿಸಬೇಕಾಗಿ ಬಂದಾಗ ಆ ಗಿರಾಕಿ ಹಿಂದೆ ಸರಿದ, ಕಾರ್ಖಾನೆಯ ಉತ್ಪಾದನೆ ಕುಸಿಯಿತು.