ವಿಮಾನ ನಿಲ್ದಾಣದ ತಪಾಸಣೆಯೂ ನಮ್ಮವರ ಕೈಚೀಲವೂ

ಅರಕಲಗೂಡು ತಾಲ್ಲೂಕಿನಿಂದ ವಿಮಾನವೇರತಕ್ಕವರನ್ನು ಹಿಂದೆ ಬೆರಳ ಮೇಲೆ ಎಣಿಸಬಹುದಾಗಿತ್ತು. ಈಗಿನ ಸ್ಥಿತಿ ಹಾಗಿಲ್ಲವೆಂಬುದು ನಮ್ಮ ವಾಚಕರಿಗೆ ವಿದಿತವೇ ಆಗಿದೆ. ಕೊಣನೂರು, ರಾಮನಾಥಪುರ, ರುದ್ರಪಟ್ಟಣಗಳ ಬೀದಿಗಳಲ್ಲಿ, ಮಗನೋ ಮಗಳೋ ಅಮೆರಿಕದಲ್ಲಿಯೋ ದುಬೈಯಲ್ಲಿಯೋ ಕಂಪ್ಯೂಟರ್ ಕಸುಬಿನಲ್ಲಿರುವ ಮನೆಗಳು ಹಲವಿವೆ. ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತನ್ನು ಕೇಳಿ ಕೇಳಿ ನಮ್ಮ ತಲೆ ನರೆತಿದೆ. ಆದುದರಿಂದ ಈ ಮನೆಗಳ ವೃದ್ಧರು ಚನ್ನರಾಯಪಟ್ಟಣ, ಕುಣಿಗಲ್ಲುಗಳ ಹಾದಿ ಹಿಡಿದು ಬೆಂಗಳೂರನ್ನು ದಾಟಿ, ದೇವನಹಳ್ಳಿಯ ಬಳಿ ೨೦೦೮ರಲ್ಲಿ ತೆರೆಯಲ್ಪಟ್ಟ ಕೆಂಪೇಗೌಡ ನಿಲ್ದಾಣಕ್ಕೆ ಹೋಗತಕ್ಕದ್ದು. ಐದಾರು ಗಂಟೆಗಳ ರಸ್ತೆಪ್ರಯಾಣದ ಆಯಾಸವನ್ನು ಹೊತ್ತು ಅವರು ತಪಾಸಣೆಯ ಸಾಲಿನಲ್ಲಿ ನಿಲ್ಲುತ್ತಾರೆ.

ನಮ್ಮ ತಾಲ್ಲೂಕಿನ ನಿವೃತ್ತ ಉಪಾಧ್ಯಾಯರೊಬ್ಬರು ಈಚೆಗೆ ಪತ್ರಿಕಾ ಕಚೇರಿಗೆ ಬಂದು ತಮಗಾದ ಅನುಭವವನ್ನು ತಿಳಿಸಿದರು. ನಿಲ್ದಾಣ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಇಂಥದು ಎಲ್ಲಿಯೂ ನಡೆಯಬಹುದು. ವಿದೇಶದಲ್ಲಿರುವ ಮಗನ ಕೋರಿಕೆಯಂತೆ ಆತನ ಹಳೆಯ ಲ್ಯಾಪ್‌ಟಾಪು, ಮನೆಯ ಭಾವಚಿತ್ರಗಳೆಲ್ಲ ಅಡಗಿದ ಒಂದು ಹಾರ್ಡ್ ಡಿಸ್ಕು, ಎರಡು ಪವರ್ ಬ್ಯಾಂಕುಗಳು, ಇವಿಷ್ಟನ್ನು ಅವರು ಕೊಂಡೊಯ್ಯುತ್ತಿದ್ದರು. ಒಂದು ಪವರ್ ಬ್ಯಾಂಕನ್ನು ಹಪ್ಪಳ, ಚಟ್ನಿಪುಡಿಗಳ ನಡುವೆ ಜೋಪಾನವಾಗಿ ದೊಡ್ಡ ಪೆಟ್ಟಿಗೆಯಲ್ಲಿಟ್ಟು ವಿಮಾನ ಕಂಪನಿಯವರ ವಶಕ್ಕೆ ಕೊಟ್ಟುಬಿಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲಿ ಅವರನ್ನು ಹೆಸರು ಹಿಡಿದು ಕರೆಸಿದರು. ಹಗ್ಗ ಬಿಗಿದ ಪೆಟ್ಟಿಗೆಯನ್ನು ಬಿಚ್ಚಿಸಿದರು. ಪವರ್ ಬ್ಯಾಂಕನ್ನು ತೆಗೆದಿರಿಸಿಕೊಂಡರು. ಕೈಚೀಲದಲ್ಲಿದ್ದ ಎರಡನೆಯದು ಎಕ್ಸ್-ರೇ ಯಂತ್ರದ ಬಳಿ ಸಿಕ್ಕಿಬಿತ್ತು. ಬಹುದಿನದ ಬಳಕೆಯಿಂದ ಅದರ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದುವಾಗಿ ಅದೂ ಹೋಯಿತು. ಕಾವಲಿನವರು ಹಿಂದಿಯಲ್ಲಿ ಹೇಳಿದುದು ಉಪಾಧ್ಯಾಯರಿಗೆ ತಿಳಿಯಲಿಲ್ಲ. ಇವರು ಹೇಳಿದುದು ಅವರಿಗೆ ತಿಳಿಯಲಿಲ್ಲ. ನಷ್ಟ ಎರಡು ಮೂರು ಸಾವಿರ ರೂಪಾಯಿನದು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಸರಿತಪ್ಪುಗಳನ್ನು ಬೋಧಿಸಿದ ಮನುಷ್ಯನಿಗೆ ತಾನು ಮಾಡಿದ ತಪ್ಪೇನೆಂಬುದು ವಿಮಾನ ಇಳಿದ ಮೇಲೂ ಗೊತ್ತಾಗಿರಲಿಲ್ಲ. ನಮಗೆ ವ್ಯಥೆಯಾದುದು ಇದಕ್ಕಾಗಿ.

ತಪಾಸಣೆಯನ್ನೇ ಹಳಿಯುವವರ ಪಂಗಡಕ್ಕೆ ನಾವು ಸೇರಿದವರಲ್ಲ. ೧೯೮೫ರ ಜೂನ್ ೨೩ರಂದು ಏರ್ ಇಂಡಿಯದ ‘ಕನಿಷ್ಕ’ ವಿಮಾನವು ಐರ್ಲೆಂಡಿನ ಕರಾವಳಿಯಾಚೆ ಆಕಾಶದಲ್ಲಿಯೇ ಸಿಡಿದು ೩೨೯ ಜೀವಗಳು ಸಮುದ್ರದ ಪಾಲಾದುವಷ್ಟೆ. ಅದೇ ದಿನ ಜಪಾನಿನ ನರೀಟಾ ನಿಲ್ದಾಣದಲ್ಲಿ ಏರ್ ಇಂಡಿಯದ ಇನ್ನೊಂದು ವಿಮಾನಕ್ಕೆ ಸೇರಬೇಕಾಗಿದ್ದ ಪೆಟ್ಟಿಗೆಯೊಂದು ಸ್ಫೋಟಿಸಿ ಇಬ್ಬರು ಕೆಲಸಗಾರರು ಸತ್ತರು; ಆ ಬಾಂಬು ಅಡಗಿದ್ದುದು ಒಂದು ಸ್ಟೀರಿಯೋ ಟ್ಯೂನರಿನ ಒಳಗೆ. ೧೯೮೮ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಬಿದ್ದ ಪ್ಯಾನ್ ಆಮ್ ವಿಮಾನದಲ್ಲಿ ೨೭೦ ಜನರ ಮೃತ್ಯು ಕುಳಿತಿದ್ದುದು ಒಂದು ಕ್ಯಾಸೆಟ್ ರೇಡಿಯೋದಲ್ಲಿ. ೨೦೧೬ರ ಫೆಬ್ರವರಿಯಲ್ಲಿ ಸೊಮಾಲಿಯದ ಮೊಗದಿಶುವಿನಿಂದ ಹೊರಟ ವಿಮಾನದ ಪಕ್ಕೆಯನ್ನು ಸೀಳಿದ್ದು ಲ್ಯಾಪ್‌ಟಾಪಿನಲ್ಲಿಟ್ಟ ಬಾಂಬು. ದೂರದ ಮಾತೇಕೆ? ೨೦೨೦ರ ಜನವರಿ ೨೦ರಂದು ನಮ್ಮ ಮಂಗಳೂರಿನ ನಿಲ್ದಾಣದಲ್ಲಿಯೇ ಟಿಕೆಟ್ ಕೌಂಟರಿನ ಬಳಿ ವಾರಸುದಾರನಿಲ್ಲದ ಚೀಲದಲ್ಲಿ ಸ್ಫೋಟಕ ಸಿಕ್ಕಿತು. ಕಾವಲಿನವರ ಕಣ್ಣು ಚುರುಕಾಗಿದ್ದುದರಿಂದ ಅನಾಹುತ ತಪ್ಪಿತು.

ಕನಿಷ್ಕ ದುರಂತದ ಪರಿಣಾಮವಾಗಿಯೇ, ೧೯೭೮ರಲ್ಲಿ ಒಂದು ಶಾಖೆಯಾಗಿ ಹುಟ್ಟಿದ್ದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ೧೯೮೭ರ ಏಪ್ರಿಲ್ ೧ರಿಂದ ಸ್ವತಂತ್ರ ಇಲಾಖೆಯಾಯಿತು. ೧೯೯೯ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ತರುವಾಯ, ನಿಲ್ದಾಣಗಳ ಕಾವಲನ್ನು ೨೦೦೦ದಿಂದ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಒಪ್ಪಿಸುತ್ತ ಬಂದರು. ಹೀಗೆ ಒಂದೊಂದು ನಿಯಮದ ಹಿಂದೆಯೂ ಒಂದೊಂದು ಸಾವಿನ ಲೆಕ್ಕವುಂಟು.

ಲ್ಯಾಪ್‌ಟಾಪನ್ನು ಚೀಲದಿಂದ ಹೊರತೆಗೆದು ತಟ್ಟೆಯಲ್ಲಿ ಬೇರೆಯಾಗಿಡಿ ಎಂದು ಅಪ್ಪಣೆಮಾಡುವುದೇಕೆಂದು ಹಲವರು ಕೇಳುತ್ತಾರೆ. ಎಕ್ಸ್-ರೇ ಯಂತ್ರದ ಪರದೆಯಲ್ಲಿ ಬಟ್ಟೆ, ಕಾಗದ, ಆಹಾರ ಮೊದಲಾದುವು ಕಿತ್ತಳೆ ಬಣ್ಣದಲ್ಲಿಯೂ ಲೋಹಗಳು ನೀಲಿಯಲ್ಲಿಯೂ ಕಾಣುತ್ತವೆ. ಅನೇಕ ಸ್ಫೋಟಕಗಳೂ ಕಿತ್ತಳೆಯ ಗುಂಪಿಗೇ ಸೇರುತ್ತವೆ. ಲ್ಯಾಪ್‌ಟಾಪಿನ ಒಳಗೆ ಬ್ಯಾಟರಿ, ಲೋಹದ ಹಾಳೆ, ತಂತಿಗಳ ಹಲಗೆ ಒಂದರ ಮೇಲೊಂದು ಒತ್ತಾಗಿರುವುದರಿಂದ ಅದರ ಕೆಳಗಿರುವ ವಸ್ತುವಿಗೆ ಅದೇ ಒಂದು ಮರೆಯಾಗುತ್ತದೆ. ಪ್ರತ್ಯೇಕವಾಗಿ ಚಪ್ಪಟೆಯಾಗಿಟ್ಟರೆ ಯಂತ್ರದ ಮುಂದೆ ಕುಳಿತವನು ಒಂದೇ ನೋಟಕ್ಕೆ ಅರಿಯಬಲ್ಲನು. ಆಸ್ಪತ್ರೆಗಳ ಸಿ. ಟಿ. ಯಂತ್ರದಂತೆ ಸುತ್ತಲಿನಿಂದಲೂ ಚಿತ್ರ ತೆಗೆದು ಪದರಪದರವಾಗಿ ಬಿಡಿಸಿ ತೋರಿಸುವ ಹೊಸ ಯಂತ್ರಗಳು ಬಂದಿವೆ. ಅವಿರುವ ಕಡೆ ಏನನ್ನೂ ಹೊರತೆಗೆಯಬೇಕಾಗಿಲ್ಲ. ಎಲ್ಲ ಕಡೆಯೂ ಅವಿಲ್ಲವಾಗಿ, ಲ್ಯಾಪ್‌ಟಾಪನ್ನು ಚೀಲದ ಮೇಲ್ಭಾಗದಲ್ಲಿಯೇ ಇಟ್ಟುಕೊಂಡಿರುವುದು ವಿವೇಕ. ಅಂದಹಾಗೆ, ಎಕ್ಸ್-ರೇ ಕಿರಣದಿಂದ ಹಾರ್ಡ್ ಡಿಸ್ಕಿನಲ್ಲಿರುವುದು ಅಳಿಸಿಹೋಗುವುದೆಂಬ ಭಯ ನಮ್ಮ ಕಡೆ ವಿಶೇಷವಾಗಿದೆ. ಅದು ನಿರಾಧಾರವಾದದ್ದು. ಹಾರ್ಡ್ ಡಿಸ್ಕಿಗೆ ಕಂಟಕವಾದುದು ಕೆಳಗೆ ಬೀಳುವುದು. ಆದುದರಿಂದ ಅದು ಕೈಚೀಲದಲ್ಲಿ, ಬಟ್ಟೆಯ ನಡುವೆ ಇರಲಿ.

ಕಂಪ್ಯೂಟರಿನ ಬಿಡಿಭಾಗಗಳ ವಿಷಯ ಅಷ್ಟು ಕಠಿನವಲ್ಲ. ಮದರ್‌ಬೋರ್ಡು, ಮೆಮೊರಿ ಪಟ್ಟಿಗಳಂಥವಕ್ಕೆ ನಿಷೇಧವಿಲ್ಲ. ಆದರೆ ತಂತಿಗಳನ್ನು ಗೋಜಲುಮಾಡಿ ತುರುಕಿದರೆ ಚೀಲವನ್ನು ಬಿಚ್ಚಿಸುವುದು ನಿಶ್ಚಯ. ಸ್ಕ್ರೂ ಡ್ರೈವರ್ ಮೊದಲಾದ ಹತ್ಯಾರುಗಳನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಗೆ ಸೇರಿಸಬೇಕು.

ಇನ್ನು ಪವರ್ ಬ್ಯಾಂಕಿನ ಮಾತು. ಇಲ್ಲಿಯೇ ನಮ್ಮವರು ಎಡವುತ್ತಿರುವುದು. ಬೆಲೆಬಾಳುವ ವಸ್ತುವನ್ನು ದೊಡ್ಡ ಪೆಟ್ಟಿಗೆಯ ತಳದಲ್ಲಿ ಭದ್ರವಾಗಿಡುವುದು ನಮ್ಮ ಹಿರಿಯರಿಂದ ಬಂದ ರೂಢಿ. ಲಿಥಿಯಂ ಬ್ಯಾಟರಿಗೆ ಸಂಬಂಧಿಸಿದಂತೆ ಈ ರೂಢಿಯನ್ನು ತಿರುವುಮುರುವು ಮಾಡಬೇಕು. ಈ ಬ್ಯಾಟರಿ ಜಜ್ಜಿದರೆ, ಒಳಗೆ ದೋಷವಿದ್ದರೆ, ಅಥವಾ ಅದರ ಎರಡು ತುದಿಗಳಿಗೆ ಲೋಹ ತಗುಲಿದರೆ ತಾನಾಗಿ ಕಾಯತೊಡಗುತ್ತದೆ. ಒಂದು ಕೋಶದ ಕಾವು ಪಕ್ಕದ ಕೋಶಕ್ಕೆ ಹಬ್ಬಿ, ಹೊರಗಿನ ಗಾಳಿಯ ಹಂಗಿಲ್ಲದೆಯೇ ಕಾವು ಬೆಳೆಯುತ್ತದೆ. ವಿಮಾನದ ಹೊಟ್ಟೆಯಲ್ಲಿರುವ ಸಾಮಾನು ಕೋಣೆಯಲ್ಲಿ ಬೆಂಕಿಯಾರಿಸುವ ಅನಿಲದ ವ್ಯವಸ್ಥೆಯಿದ್ದರೂ ಈ ಕಾವನ್ನು ಅದು ತಡೆಯಲಾರದು. ಅಲ್ಲಿಗೆ ಸಿಬ್ಬಂದಿಯ ಕೈಯೂ ತಲಪದು. ಪ್ರಯಾಣಿಕರ ನಡುವೆ ಹೊತ್ತಿಕೊಂಡರೆ ಮಾತ್ರ ಕೂಡಲೇ ಕಂಡು ನೀರು ಸುರಿದು ತಣಿಸಬಹುದು. ೨೦೧೦ರ ಸೆಪ್ಟೆಂಬರ್ ೩ರಂದು ಲಿಥಿಯಂ ಬ್ಯಾಟರಿಗಳನ್ನು ಹೊತ್ತ ಸರಕು ವಿಮಾನವೊಂದು ದುಬೈಯಲ್ಲಿ ಬೆಂಕಿಗೀಡಾಗಿ ಬಿದ್ದು ಅದರ ಇಬ್ಬರು ಚಾಲಕರೂ ಮಡಿದರು. ೨೦೨೫ರ ಅಕ್ಟೋಬರ್ ೧೯ರಂದು ದೆಹಲಿಯಿಂದ ದಿಮಾಪುರಕ್ಕೆ ಹೊರಟು ಇನ್ನೂ ನೆಲದ ಮೇಲೆಯೇ ಸಾಗುತ್ತಿದ್ದ ವಿಮಾನದಲ್ಲಿ ಪ್ರಯಾಣಿಕರೊಬ್ಬರ ಪವರ್ ಬ್ಯಾಂಕು ಹೊತ್ತಿಕೊಂಡಿತು; ಕಣ್ಣೆದುರಿಗೇ ಇದ್ದುದರಿಂದ ಸಿಬ್ಬಂದಿಯವರು ಆರಿಸಿದರು, ಯಾರಿಗೂ ಅಪಾಯವಾಗಲಿಲ್ಲ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಿಯಮದ ಮರ್ಮ ತಿಳಿಯುವುದು. ಪವರ್ ಬ್ಯಾಂಕು ಮತ್ತು ಬಿಡಿ ಬ್ಯಾಟರಿಗಳು ಕೈಚೀಲದಲ್ಲಿಯೇ ಇರತಕ್ಕದ್ದು. ವಿಮಾನದೊಳಗೆ ಅವನ್ನು ತಲೆಯ ಮೇಲಿನ ಗೂಡಿನಲ್ಲಿಡುವುದನ್ನೂ ಅವುಗಳಿಂದ ಫೋನಿಗೆ ಚಾರ್ಜು ಮಾಡುವುದನ್ನೂ ನಮ್ಮ ದೇಶದಲ್ಲಿ ಈಚೆಗೆ ತಡೆದಿದ್ದಾರೆ.

ಪ್ರಮಾಣಕ್ಕೂ ಒಂದು ಮಿತಿಯಿದೆ. ೧೦೦ ವಾಟ್-ಅವರಿನವರೆಗೆ ತಕರಾರಿಲ್ಲ. ೧೦೦ರಿಂದ ೧೬೦ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡೇ. ೧೬೦ನ್ನು ಮೀರಿದ್ದು ಕೂಡದು. ಆದರೆ ಅಂಗಡಿಯಲ್ಲಿ ಮಾರುವ ಪವರ್ ಬ್ಯಾಂಕಿನ ಮೇಲೆ ದಪ್ಪಕ್ಷರದಲ್ಲಿರುವುದು ಮಿಲಿ ಆಂಪಿಯರ್ ಅವರಿನ ಲೆಕ್ಕ! ನಿಯಮ ಒಂದು ಅಳತೆಯಲ್ಲಿ, ಸರಕು ಇನ್ನೊಂದು ಅಳತೆಯಲ್ಲಿ. ಸೇರಿನಲ್ಲಿ ಮಾರಿ ಗಜದಲ್ಲಿ ಅಳೆದಂತಾಯಿತು. ಲೆಕ್ಕವೇನೋ ಮಾಧ್ಯಮಿಕ ಶಾಲೆಯ ಹುಡುಗನೂ ಮಾಡಬಹುದಾದ್ದೇ. ಬ್ಯಾಟರಿಯ ವೋಲ್ಟು ಸಾಮಾನ್ಯವಾಗಿ ೩.೭, ಮಿಲಿ ಆಂಪಿಯರ್ ಸಂಖ್ಯೆಯನ್ನು ೩.೭ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವಾಟ್-ಅವರ್ ಬರುತ್ತದೆ. ೧೦,೦೦೦ದ್ದು ೩೭; ೨೦,೦೦೦ದ್ದು ೭೪; ೨೭,೦೦೦ದ್ದು ೯೯.೯, ಎಂದರೆ ಮಿತಿಯ ಅಂಚು, ೩೦,೦೦೦ದ್ದು ೧೧೧. ಮೈಮೇಲೆ ಅಂಕಿಯೇ ಇಲ್ಲದ್ದನ್ನು ತಪಾಸಣೆಯವನು ಯಾವ ಧೈರ್ಯದಿಂದ ಬಿಟ್ಟಾನು? ಉಪಾಧ್ಯಾಯರ ಎರಡನೆಯ ಪವರ್ ಬ್ಯಾಂಕು ಹೋದುದು ಹೀಗೆ.

ನಮ್ಮ ರುದ್ರಪಟ್ಟಣ ಗಾಯಕರ ತವರು. ಆರ್. ಕೆ. ಶ್ರೀಕಂಠನ್ ಅವರ ಊರು ಅದು. ರುದ್ರಪಟ್ಟಣಂ ಸಹೋದರರ ಊರು ಅದು. ತಂಬೂರಿಯ ಆಕಾರದಲ್ಲಿಯೇ ಒಂದು ಮಂದಿರ ಅಲ್ಲಿ ಎದ್ದಿದೆ. ಮರದ ತಂಬೂರಿಯನ್ನು ವಿಮಾನದಲ್ಲಿ ಒಯ್ಯುವ ಕಷ್ಟವನ್ನು ತಪ್ಪಿಸಿದ ವಿದ್ಯುತ್ ತಂಬೂರಿಯನ್ನು ರೂಢಿಗೆ ತಂದವರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ ಅವರು ಪ್ರಮುಖರು. ಆ ಪುಟ್ಟ ಪೆಟ್ಟಿಗೆ ಎಕ್ಸ್-ರೇ ಯಂತ್ರದಲ್ಲಿ ಹೇಗೆ ಕಂಡೀತೆಂಬುದನ್ನು ವಾಚಕರು ಊಹಿಸಬಹುದು: ತಂತಿ, ಗುಬುಟು, ಒಳಗೊಂದು ಹಲಗೆ. ಪರಿಚಿತ ಗಾಯಕರೊಬ್ಬರನ್ನು ಹೀಗೆಯೇ ಒಮ್ಮೆ ಪಕ್ಕಕ್ಕೆ ನಿಲ್ಲಿಸಿದರಂತೆ. ಅವರು ವಾದಕ್ಕಿಳಿಯದೆ ಗುಬುಟು ತಿರುಗಿಸಿ ಶ್ರುತಿ ಹಿಡಿಸಿದರು. ಕಾವಲಿನವನು ನಕ್ಕು ಕಳುಹಿಸಿಕೊಟ್ಟನು. ಉಪಕರಣ ಕೆಲಸಮಾಡಿ ತೋರಿಸಿದರೆ ಸಂಶಯ ಅರ್ಧ ಕರಗುವುದು. ೨೦೧೪ರ ಜುಲೈಯಲ್ಲಿ ಅಮೆರಿಕದವರು, ಕೆಲವು ಹೊರದೇಶದ ನಿಲ್ದಾಣಗಳಿಂದ ತಮ್ಮಲ್ಲಿಗೆ ಬರುವ ವಿಮಾನಗಳಲ್ಲಿ ಚಾಲೂ ಆಗದ ಫೋನು, ಲ್ಯಾಪ್‌ಟಾಪುಗಳನ್ನು ಒಳಗೆ ಬಿಡುವುದಿಲ್ಲವೆಂದು ಸಾರಿದ್ದುಂಟು. ಚಾರ್ಜು ಮುಗಿದ ಯಂತ್ರದೊಡನೆ ಹೊರಡುವುದು ಸಲ್ಲ.

ನಿಯಮಗಳು ಇದ್ದಕ್ಕಿದ್ದಂತೆ ಬದಲಾಗುವುದೂ ಉಂಟು. ೨೦೧೭ರ ಮಾರ್ಚಿಯಲ್ಲಿ ದುಬೈ, ಅಬುಧಾಬಿ, ದೋಹಾ ಸೇರಿದಂತೆ ಹತ್ತು ನಿಲ್ದಾಣಗಳಿಂದ ಅಮೆರಿಕಕ್ಕೆ ನೇರವಾಗಿ ಹೋಗುವ ವಿಮಾನಗಳಲ್ಲಿ, ಫೋನಿಗಿಂತ ದೊಡ್ಡದಾದ ವಿದ್ಯುದುಪಕರಣಗಳನ್ನು ಕೈಚೀಲದಲ್ಲಿ ಒಯ್ಯಕೂಡದೆಂದು ಅಮೆರಿಕ ಸರ್ಕಾರ ಆಜ್ಞೆಮಾಡಿತು. ಬೆಂಗಳೂರಿನಿಂದ ಆ ಮಾರ್ಗವಾಗಿ ಹೋಗುವ ನಮ್ಮ ಯುವಕರು ಕಚೇರಿಯ ಲ್ಯಾಪ್‌ಟಾಪನ್ನು ದೊಡ್ಡ ಪೆಟ್ಟಿಗೆಗೆ ಹಾಕಿ ದೇವರ ಮೇಲೆ ಭಾರ ಹಾಕಬೇಕಾಯಿತು. ಲಿಥಿಯಂ ಬ್ಯಾಟರಿ ವಿಮಾನದ ಹೊಟ್ಟೆಯಲ್ಲಿರಬಾರದೆಂಬ ವಿವೇಕಕ್ಕೂ ಈ ಆಜ್ಞೆಗೂ ಹೊಂದಿಕೆಯಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಜುಲೈ ತಿಂಗಳಲ್ಲಿ ಅದನ್ನು ತೆರವುಮಾಡಿದರು.

ಊರಿಗೆ ಬರುವವರಿಗೂ ಒಂದು ಎಚ್ಚರಿಕೆ. ಬೆಟ್ಟ ಹತ್ತುವ ಹವ್ಯಾಸದ ಹುಡುಗರು ವಿದೇಶದಲ್ಲಿ ಸರಾಗವಾಗಿ ಸಿಕ್ಕುವ ಉಪಗ್ರಹ ಫೋನನ್ನೋ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣವನ್ನೋ ಜೊತೆಗೆ ತರುತ್ತಾರೆ. ಸರ್ಕಾರದ ಅನುಮತಿಯಿಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವುದು ಅಪರಾಧ. ತಿಳಿಯದೆ ತಂದ ವಿದೇಶೀಯರನ್ನು ನಿಲ್ದಾಣದಲ್ಲಿಯೇ ಪೋಲೀಸರ ವಶಕ್ಕೆ ಕೊಟ್ಟ ಪ್ರಸಂಗಗಳು ನಡೆದಿವೆ.

ಈಗ ಅಧಿಕಾರವರ್ಗದವರಲ್ಲಿ ನಮ್ಮ ಬಿನ್ನಹ. ಕಾನೂನನ್ನು ಅರಿಯದಿರುವುದು ಕ್ಷಮೆಗೆ ಕಾರಣವಲ್ಲವೆಂಬ ನ್ಯಾಯವನ್ನು ನಾವು ಬಲ್ಲೆವು. ಆದರೆ ಅರಿಯುವಂತೆ ಸಾರುವ ಹೊಣೆ ಕಾನೂನು ಮಾಡಿದವರ ಮೇಲಿಲ್ಲವೆ? ಹಿಂದೆ ಹಳ್ಳಿಯಲ್ಲಿ ಸರ್ಕಾರಿ ಆಜ್ಞೆಯನ್ನು ಡಂಗುರ ಹೊಯ್ದು ಜನರ ಮಾತಿನಲ್ಲಿಯೇ ಸಾರುತ್ತಿದ್ದರು. ಈಗ ಉಪಾಧ್ಯಾಯರಿಗೆ ಬಂದ ಟಿಕೆಟ್ಟು ಇಂಗ್ಲಿಷಿನಲ್ಲಿ. ಅದರ ಅಡಿಯ ಸಣ್ಣಕ್ಷರದ ನಿಬಂಧನೆಗಳು ಇಂಗ್ಲಿಷಿನಲ್ಲಿ. ಕೊನೆಗೆ ವಸ್ತುವನ್ನು ಕಿತ್ತುಕೊಳ್ಳುವ ಮಾತು ಹಿಂದಿಯಲ್ಲಿ. ಕನ್ನಡನಾಡಿನ ನೆಲದ ಮೇಲೆ ಹಾರುವ ವಿಮಾನದ ಟಿಕೆಟ್ಟಿನೊಡನೆ ಒಂದು ಪುಟದ ಕನ್ನಡ ತಿಳಿವಳಿಕೆಯನ್ನು ಕಳುಹಿಸುವುದರಿಂದ ಯಾವ ಕಂಪನಿಯೂ ದಿವಾಳಿಯಾಗಲಾರದು. ಪೆಟ್ಟಿಗೆಯನ್ನು ಒಪ್ಪಿಸಿಕೊಳ್ಳುವ ಕಟ್ಟೆಯಲ್ಲಿ ಪವರ್ ಬ್ಯಾಂಕಿನ ಚಿತ್ರ ಬರೆದು, ಇದು ಒಳಗಿದ್ದರೆ ಈಗಲೇ ತೆಗೆದುಕೊಳ್ಳಿರೆಂದು ಬಾಯಲ್ಲಿ ಕನ್ನಡದಲ್ಲಿ ಒಂದು ಸಲ ಕೇಳಿದರೆ, ಹಗ್ಗ ಬಿಚ್ಚಿಸುವ ಶ್ರಮ ಅವರಿಗೂ ಉಳಿದೀತು. ತಪಾಸಣೆಯ ಪ್ರತಿಯೊಂದು ಸಾಲಿನಲ್ಲಿಯೂ ಕನ್ನಡ ಬಲ್ಲವರೊಬ್ಬರು ಇರಲಿ. ತೆಗೆದಿರಿಸಿಕೊಂಡ ವಸ್ತುವಿಗೆ ಕಾರಣ ಬರೆದ ಚೀಟಿಯನ್ನು ಕೊಡಲಿ. ಬೀಳ್ಕೊಡಲು ಬಂದವರು ಹೊರಗಿದ್ದರೆ ಅವರ ಕೈಗೆ ಮುಟ್ಟಿಸುವ ಏರ್ಪಾಡಾಗಲಿ. ಇವುಗಳಲ್ಲಿ ಯಾವುದೂ ಭದ್ರತೆಗೆ ಕುಂದು ತರುವಂಥದಲ್ಲ.

ಸರ್ಕಾರದವರು ಮನಸ್ಸು ಮಾಡುವವರೆಗೆ ನಾವೇ ಒಂದು ಕೆಲಸ ಮಾಡುತ್ತೇವೆ. ಮೇಲಿನ ಲೆಕ್ಕವನ್ನೂ ಕೈಚೀಲಕ್ಕೆ ಸೇರತಕ್ಕ, ಪೆಟ್ಟಿಗೆಗೆ ಸೇರತಕ್ಕ ವಸ್ತುಗಳ ಪಟ್ಟಿಯನ್ನೂ ಒಂದು ಹಾಳೆಯಲ್ಲಿ ಅಚ್ಚುಹಾಕಿಸಿದ್ದೇವೆ. ನಮ್ಮ ಕಚೇರಿಗೆ ಬಂದು ಕೇಳಿದವರಿಗೆ ಅದನ್ನು ಬಿಟ್ಟಿಯಾಗಿ ಕೊಡಲಾಗುವುದು. ಉಪಾಧ್ಯಾಯರು ಆಗಲೇ ಹತ್ತು ಹಾಳೆಗಳನ್ನು ಒಯ್ದಿದ್ದಾರೆ. ಲೆಕ್ಕ ಮಾಡಿಸಿಕೊಳ್ಳಬೇಕಾದವರು ಪವರ್ ಬ್ಯಾಂಕನ್ನು ಜೊತೆಗೆ ತರಬಹುದು. ಅಕ್ಷರ ಅಳಿಸಿಹೋದದ್ದಾದರೆ ಅದನ್ನು ಮನೆಯಲ್ಲಿಯೇ ಬಿಟ್ಟುಬರಲಿ.